ಹೂಂ ಅನ್ನದ ಅಂಗಡಿ

ಪಾತ್ರೆ-ಭಾಂಡೆ ವ್ಯಾಪಾರಿ ಅಂದಾನೆಪ್ಪನವರು ಹಳಿಯಾಳದ ಪೇಟೆ ಓಣಿಯಲ್ಲಿ ನಡೆದು ಬರುವಾಗ, ಗೋದುಬಾಯಿಯ ಬಳೆ ಅಂಗಡಿ ಸಮೀಪಿಸಿತೆಂದರೆ ಧೋತರದ ಚುಂಗನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಕ್ಷಣಕಾಲ ನಿಂತು, ಉದ್ದನೆಯ ಹೆಜ್ಜೆ ಹಾಕಿ ದಾಟುತ್ತಾರೆ. ದಾಟಲು ಅಲ್ಲೇನೂ ಇಲ್ಲ. ಗಟಾರದ ಮೇಲೆ ಉದ್ದಕ್ಕೂ ಹಾಸಿದ ಫರಸಿ ಕಲ್ಲೇ ಓಣಿಯ ಕಾಲುದಾರಿ; ಆ ಅಂಗಡಿಯ ಮುಂದೆಯೂ ಅದೇ ಕಲ್ಲಿದೆ. ಹೊಸಬರು ನೋಡಿ ನಗುತ್ತಾರೆ. ಓಣಿಯವರು ಮಾತ್ರ ಅಷ್ಟೊತ್ತಿಗೆ ತಕ್ಕಡಿಯ ಕಡೆಗೋ ಗೋಡೆಯ ಕಡೆಗೋ ಮುಖ ತಿರುಗಿಸಿಕೊಂಡಿರುತ್ತಾರೆ.

ಬಳೆ ಅಂಗಡಿಗೆ ಒತ್ತಿಕೊಂಡೇ ಝೆರಾಕ್ಸ್ ಅಂಗಡಿ ಇಟ್ಟಿರುವ ಸಹನಾ ಅಂದಾನೆಪ್ಪನವರನ್ನು ಎಳವೆಯಿಂದ ಬಲ್ಲಳು. ಚೈತ್ರದ ಬಿಸಿಲಿಗೂ ಬಿಚ್ಚದ ಕರೀ ಕೋಟು, ಅದರಿಂದ ಹೊಮ್ಮುವ ಡಾಂಬರು ಗುಳಿಗೆಯ ವಾಸನೆ, ಇಳಿಹೊತ್ತಾದರೂ ಮಾಸದ ವಿಭೂತಿ, ಎದುರಿಗೆ ಒಬ್ಬರೇ ನಿಂತಿದ್ದರೂ "ಎಲ್ಲಾರೂ ಅದಾರಲ್ಲಾ?" ಎಂದು ಕೇಳಿಯೇ ಮಾತು ಶುರುಮಾಡುವ ಚಾಳಿ. ಪುರಸಭೆಯ ದಾರಿ ಕಾಯುತ್ತ ಕೂತರೆ ಓಣಿ ಸುಧಾರಿಸುವುದಿಲ್ಲವೆಂದು ಅಂಗಡಿಕಾರರನ್ನೆಲ್ಲ ಕೂಡಿಸಿ ವಂತಿಗೆಯ ಪಟ್ಟಿ ಎತ್ತುವ ಪದ್ಧತಿ ಹಾಕಿದವರು ಅವರೇ. ಓಣಿಗೆ ದೀಪ ಬಂದದ್ದು, ಕುಡಿಯುವ ನೀರಿನ ಟಾಕಿ ಬಂದದ್ದು, ಸಂತೆಗೆ ಬಂದ ಹೆಂಗಸರು ಕೂತು ದಣಿವಾರಿಸಿಕೊಳ್ಳಲು ಕಟ್ಟೆ ಬಂದದ್ದು ಹೀಗೆ.

ಆ ಪಟ್ಟಿಗೊಂದು ಕಟ್ಟಳೆಯಿತ್ತು. ಅಮಾವಾಸ್ಯೆಯ ಸಂಜೆ ಅಂಗಡಿಗಳ ಪೂಜೆ ಮುಗಿದ ಮೇಲೆ ಅಂದಾನೆಪ್ಪನವರು ಪ್ರತಿ ಹೊಸ್ತಿಲ ಕೆಳಗೆ ನಿಂತು ಕೆಲಸದ ಹೆಸರು ಹೇಳಿ ಕೇಳಬೇಕು. ಅಂಗಡಿಯವರು ಬಾಯಿಬಿಟ್ಟು ಹೂಂ ಅನ್ನಬೇಕು. ತಲೆಯಾಡಿಸಿದರೆ ಸಾಲದು, ಸಹಿ ನಡೆಯದು. ಹೂಂ ಅನ್ನದವರ ಕಿಸೆಗೆ ಕೈ ಹಾಕುವಂತಿಲ್ಲ, ಅವರ ಅಂಗಳದ ಕೆಲಸವನ್ನೂ ಮುಟ್ಟುವಂತಿಲ್ಲ. ಯಾರ ಮೇಲೂ ಜುಲುಮೆಯಾಗಬಾರದೆಂದು ಮಾಡಿದ ಈ ನ್ಯಾಯದ ಕಟ್ಟಳೆಯ ಬಗ್ಗೆ ಅವರಿಗೆ ಒಳಗೊಳಗೇ ಅಭಿಮಾನವಿತ್ತು.

ಗಟಾರಕ್ಕೆ ಫರಸಿ ಹಾಕುವ ವರ್ಷ ಎಲ್ಲರೂ ಹೂಂ ಅಂದರು. ಬೆಳಗಾವಿ ಕಡೆಯಿಂದ ಬಂದು ನೆಲೆಸಿದ್ದ ಗೋದುಬಾಯಿ ಮಾತ್ರ, ಗಿರಾಕಿಯ ಕೈಗೆ ಬಳೆ ಏರಿಸುತ್ತಲೇ, "ಬಘೂಯಾ, ನೋಡೂಣ್ರಿ" ಅಂದಳು. ಮುದುಕಿಗೆ ಎಲ್ಲದಕ್ಕೂ ಹಾಗನ್ನುವುದೇ ರೂಢಿ. ಕಲ್ಲು ಹಾಸುತ್ತಿದ್ದ ಗವಂಡಿಯೂ "ಒಂದ ಕಲ್ಲ ಐತ್ರಿ, ಹಾಕಿಬಿಡೂಣು" ಅಂದ. ಅಂದಾನೆಪ್ಪನವರು ಒಪ್ಪಲಿಲ್ಲ. "ಹೂಂ ಅಂದಿಲ್ಲ," ಎಂದು ಮುಂದೆ ನಡೆದರು. ಆ ಮಳೆಗಾಲದ ಒಂದು ಬೆಳಿಗ್ಗೆ ನೀರು ಉಕ್ಕಿ ದಾರಿಯೂ ಗಟಾರವೂ ಒಂದೇ ಬಣ್ಣವಾಗಿದ್ದಾಗ, ಬಾಗಿಲು ತೆಗೆಯಲು ಬಂದ ಗೋದುಬಾಯಿ ತನ್ನ ಅಂಗಡಿಯ ಮುಂದೆಯೇ ಕಾಲಿಟ್ಟು ಗಟಾರದೊಳಗೆ ಹೋದಳು. ಎತ್ತಿದಾಗ ಕೈಯಲ್ಲಿ ಒಂದು ಬಳೆಯೂ ಉಳಿದಿರಲಿಲ್ಲ. ವಾರ ಕಳೆಯುವುದರೊಳಗೆ ಜೀವವೂ ಹೋಯಿತು.

ಮಣ್ಣು ಮುಗಿಸಿ ಬಂದವರೇ ಗಟಾರದ ಆ ತೆರೆದ ಬಾಯಿ ಮುಚ್ಚಲು ಕಲ್ಲು ತಂದರು. ಅಂದಾನೆಪ್ಪನವರು ಅಡ್ಡ ನಿಂತರು.

"ಇದ್ದಾಗ ಕೇಳಿ, ಹೂಂ ಅನ್ನಲಿಲ್ಲಂತ ಬಿಟ್ಟೇನಿ. ಈಗ ಕೇಳದ ಹೆಂಗ ಮುಚ್ಚಲಿ?"

ಯಾರೂ ಬೀಳದಂತೆ ಸುತ್ತ ಎಣ್ಣೆ ಡಬ್ಬಿಗಳನ್ನು ನಿಲ್ಲಿಸಿ ಕೆಂಪು ಬಟ್ಟೆ ಕಟ್ಟಿಸಿದರು. ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆಯ ಸಂಜೆ, ದೀಪ ಹೊತ್ತುವ ಸಮಯಕ್ಕೆ, ಮುಚ್ಚಿದ ಶಟರಿನ ಮುಂದೆ ನಿಂತು ಕೇಳತೊಡಗಿದರು: "ಗೋದುಬಾಯಾರ, ನಿಮ್ಮ ಅಂಗಡಿ ಮುಂದ ಫರಸಿ ಹಾಕೂಣೇನ್ರಿ?" ಕೇಳಿ, ಕಿವಿಗೊಟ್ಟು, ತಲೆಯಾಡಿಸಿ, "ಇನ್ನೂ ಅಂದಿಲ್ಲ" ಎಂದು ಹೋಗುವರು. ಮೊದಮೊದಲು ನಕ್ಕ ಓಣಿ ಬರಬರುತ್ತ ಆ ಹೊತ್ತಿಗೆ ರೇಡಿಯೊ ಸಣ್ಣಗೆ ಮಾಡತೊಡಗಿತು. ತಿಂಗಳಿಗೊಮ್ಮೆ ನಿಲ್ಲುತ್ತಿದ್ದವರು ದಿನಾ ನಿಲ್ಲತೊಡಗಿದರು. ಗಲ್ಲದ ಎಲುಬು ಎದ್ದು ಕೋಟು ಹೆಗಲಿಗೆ ಜೋತುಬಿತ್ತು. ಈ ಮುದುಕರು ಹೀಗೆಯೇ ಕಿವಿಗೊಟ್ಟು ಕಿವಿಗೊಟ್ಟು ಒಂದು ದಿನ ಅತ್ತಲಾಗೇ ಹೋಗಿಬಿಡುತ್ತಾರೆ ಎಂದು ಸಹನಾಗೆ ಹೆದರಿಕೆ ಹುಟ್ಟಿತು. ಮೇಲಾಗಿ ಮತ್ತೆ ಮಳೆಗಾಲ ಹತ್ತಿರವಿತ್ತು, ಆ ಬಾಯಿ ತೆರೆದೇ ಇತ್ತು.

ಒಂದು ಹೂಂ ತಾನೇ, ನಾನೇ ಅಂದುಬಿಡುತ್ತೇನೆ ಎಂದುಕೊಂಡಳು ಅವಳು. ಎರಡೂ ಅಂಗಡಿಗಳ ಹಿತ್ತಲು ಒಂದೇ. ಗೋದುಬಾಯಿಯ ಹಿಂಬಾಗಿಲಿಗೆ ಬರೇ ಚಿಲಕ. ಅಮಾವಾಸ್ಯೆಯ ಸಂಜೆ ಒಳಹೊಕ್ಕು ಶಟರಿನ ಹಿಂದೆ ನಿಂತಳು. ಹುಲ್ಲಿನಲ್ಲಿ ಸುತ್ತಿಟ್ಟ ಬಳೆಗಳ ವಾಸನೆ, ಕೆಳಗೆ ಗಟಾರದ ಸಪ್ಪಳ. ಹೊರಗೆ ಆ ಪರಿಚಿತ ದನಿ ಕೇಳಿತು: "ಗೋದುಬಾಯಾರ…"

ಸಹನಾ ಬಾಯಿ ತೆರೆದಳು. ಸತ್ತವಳ ಹೆಸರಿನಲ್ಲಿ ಅನ್ನಬೇಕಾದ ಆ ಒಂದು ಮಾತು ಹೊರಡಲಿಲ್ಲ. ಒಳಗೆ ಒಂದು ಬಳೆಯೂ ಅಲುಗಲಿಲ್ಲ, ಇಲಿಯೂ ಹರಿದಾಡಲಿಲ್ಲ.

ಹೊರಗೆ ಅಂದಾನೆಪ್ಪನವರು ಗಟ್ಟಿಯಾಗಿ, "ಆತು. ಹೂಂ ಅಂದ್ರು," ಎಂದರು.

ಅವಳು ಹಿತ್ತಲು ಸುತ್ತಿ ಓಣಿಗೆ ಬಂದಾಗ ಎದುರಂಗಡಿಯ ದರ್ಜಿ ಸುಭಾಸ ತೋಳು ಉಜ್ಜಿಕೊಳ್ಳುತ್ತ ನಿಂತಿದ್ದ. "ಗೋದುಬಾಯೀದ ದನಿನ ಅದು. ಓಣಿ ತುಂಬಾ ಕೇಳಿಸ್ತು. ನಿನಗ ಕೇಳಲಿಲ್ಲೇನ?"

ಒಳಗಿದ್ದವಳು ತಾನೊಬ್ಬಳೇ, ಕೇಳದಿದ್ದವಳೂ ತಾನೊಬ್ಬಳೇ. ಅಂದಾನೆಪ್ಪನವರು ಹತ್ತಿರ ಬಂದು ಅವಳ ಕೂದಲಿಗೆ ಅಂಟಿದ್ದ ಜೇಡರ ಬಲೆಯನ್ನು ಬೆರಳಿನಿಂದ ಮೆಲ್ಲಗೆ ತೆಗೆದರು.

"ನೀ ಅನ್ನಲಿಲ್ಲ. ಗೊತ್ತೈತಿ ನನಗ," ಎಂದರು. "ನೀ ಅಂದಿದ್ರ ನಾ ಮುಚ್ಚತಿದ್ದಿಲ್ಲ, ಯವ್ವಾ."

ಮರುದಿನವೇ ಕಲ್ಲು ಬಿತ್ತು. ಅವರು ಸರಿಯಾಗಿ ಉಣ್ಣತೊಡಗಿದರು, ಕೋಟು ಮತ್ತೆ ಮೈಗೆ ಕೂತಿತು. ಆ ಉದ್ದನೆಯ ಹೆಜ್ಜೆಯೊಂದು ಮಾತ್ರ ಹೋಗಲಿಲ್ಲ. ಈಗ ಪಟ್ಟಿ ಎತ್ತಲು ಸಹನಾ ಜೊತೆಗೆ ಹೋಗುತ್ತಾಳೆ, ಪ್ರತಿ ಹೊಸ ಕೆಲಸಕ್ಕೂ ಬಳೆ ಅಂಗಡಿಯ ಶಟರಿನ ಮುಂದೆ ಇಬ್ಬರೂ ನಿಂತು ಗೋದುಬಾಯಿಯ ಹೂಂ ಕೇಳುತ್ತಾರೆ.

ಊರ ಕೆಲಸಕ್ಕೆ ನಿಲ್ಲುವವರಲ್ಲಿ ಇಂಥ ಕೆಲವರಿರುತ್ತಾರೆ. ನ್ಯಾಯವೆಂದು ನಂಬಿ ಒಂದು ಕಟ್ಟಳೆ ಮಾಡುತ್ತಾರೆ. ಅದಕ್ಕೊಂದು ಜೀವ ಬಲಿಯಾದ ಮೇಲೂ ಅದನ್ನು ಸದ್ದಿಲ್ಲದೆ ಮುರಿದು ಪಾರಾಗುವ ಸುಲಭದ ದಾರಿಯನ್ನು ತಮಗೆ ಬಿಟ್ಟುಕೊಳ್ಳುವುದಿಲ್ಲ. ಅವರ ಹಟ ಕಂಡು ನಮಗೆ ಸಿಟ್ಟು ಬರುತ್ತದೆ, ಹೆದರಿಕೆಯಾಗುತ್ತದೆ, ಕೊನೆಗೆ ಕೈಮುಗಿಯಬೇಕೆನಿಸುತ್ತದೆ. ಅವರು ಹಾಕಿಸಿದ ಕಲ್ಲಿನ ಮೇಲೆ ನಾವೆಲ್ಲ ನಿಶ್ಚಿಂತರಾಗಿ ನಡೆಯುತ್ತೇವೆ. ಅವರು ಮಾತ್ರ ಬದುಕಿರುವಷ್ಟು ಕಾಲ ದಾಟುತ್ತಲೇ ಇರುತ್ತಾರೆ.