ಒಂದೇ ಸಲಕ್ಕೆ ತುಂಬಿದ ಹಲ್ಲು

ಬಂಡೂರಿನ ಮಲ್ಲಿಗಮ್ಮ ಕೆನ್ನೆ ಹಿಡಿದುಕೊಂಡೇ ಕುರ್ಚಿಗೆ ಒರಗಿದರು. ಕಳೆದ ವಾರ ಮಳವಳ್ಳಿಯ ಇದೇ ಕ್ಲಿನಿಕ್ಕಿನಲ್ಲಿ ಅವರ ದವಡೆ ಹಲ್ಲನ್ನು ತುಂಬಿದ್ದು ಮಾಲೀಕ, ಡಾಕ್ಟರ್ ಸ್ವರೂಪ್. ಆ ಬದಿಯಲ್ಲಿ ಅಗಿಯಲು ಉಳಿದಿರುವುದು ಅದೊಂದೇ ಹಲ್ಲು.

"ನೀರು ತಾಕುದ್ರೂ ಜೀವ ಓಯ್ತದೆ ಕಣವ್ವ."

ಅಲ್ಲಿ ಸಂಬಳಕ್ಕಿದ್ದ ದಂತವೈದ್ಯೆ ಅರುಂಧತಿ ಕನ್ನಡಿ ಹಿಡಿದು ನೋಡಿದಳು. ತುಂಬಿದ್ದು ಗಟ್ಟಿಯಾಗಿಯೇ ಇತ್ತು. ಬಿರುಕು ಬಿಟ್ಟಿದ್ದು ಹಲ್ಲಿನ ಗೋಡೆ. ಕೂದಲೆಳೆಯಷ್ಟು, ಒಸಡಿನವರೆಗೆ ಇಳಿದಿರಲಿಲ್ಲ.

ಸ್ವರೂಪ್ ಬಂದು ಬಗ್ಗಿದ. "ಮೂಳೆ ಕಡ್ದಿದ್ದೀಯಾ. ಬಂಡೂರು ಕುರಿ ಬಾಡು ಬಿಡೋರಾ ನೀವು?"

"ಬಾಡಾ? ಗಂಜಿ ಕುಡ್ಕಂಡು ಬಿದ್ದಿವ್ನಿ ಸ್ವಾಮಿ!"

ಅವನು ಅರುಂಧತಿಯನ್ನು ಬಾಗಿಲ ಬಳಿಗೆ ಕರೆದ. "ಕಿತ್ತುಬಿಡಿ."

"ಉಳಿಯೋ ಹಲ್ಲು ಸರ್. ಒಂದೇ ಸಲಕ್ಕೆ ತುಂಬಿದ್ರಾ?"

"ಬಸ್ಸು, ಬಸ್ಸು ಅಂತ ಅವಳೇ ಬಡ್ಕೋತಿದ್ಲು."

ಅರುಂಧತಿಯ ಕಿವಿ ಬಿಸಿಯಾಯಿತು. ಹಲ್ಲಿಗೆ ತುಂಬುವ ಮುದ್ದೆ ನೀಲಿ ಬೆಳಕಿಗೆ ಗಟ್ಟಿಯಾಗುತ್ತಲೇ ಕುಗ್ಗುತ್ತದೆ. ಹಲ್ಲಿಗೆ ಅಂಟಿಕೊಂಡಿರುವುದರಿಂದ ಗೋಡೆಗಳನ್ನೂ ಒಳಕ್ಕೆ ಜಗ್ಗುತ್ತದೆ; ಒಂದೇ ಸಲಕ್ಕೆ ತುಂಬಿದರೆ ಗೋಡೆ ಬಿರಿಯಬಹುದು. ಅದಕ್ಕೇ ಆಳದ ಕುಳಿಗೆ ಎರಡೆರಡು ಮಿಲಿಮೀಟರಿನ ಪದರ ಹಾಕಿ, ಪದರಕ್ಕೊಮ್ಮೆ ಬೆಳಕು ಕೊಡಬೇಕು. ಕಾಲೇಜಿನಲ್ಲೇ ಕಲಿಸುವ ಪಾಠ. ಸ್ವರೂಪನಿಗೂ ಗೊತ್ತು.

"ಯಾಕೆ ಕೀಳ್ಬೇಕು? ಹಲ್ಲು ಉಳಿದ್ರೆ ಮಂಡ್ಯದಲ್ಲಿ ಇನ್ಯಾರಿಗಾದ್ರೂ ತೋರಿಸಿ, ನಿಮ್ಮ ತಪ್ಪು ಗೊತ್ತಾಗಿಬಿಡುತ್ತೆ ಅಂತಲಾ?" ದನಿ ಎತ್ತಿಯೇ ಕೇಳಿದಳು.

"ಮೂಳೆ ಅಂತಲೇ ಹೇಳಿ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ."

ಅರುಂಧತಿ ಕುರ್ಚಿಯ ಬಳಿಗೆ ವಾಪಸು ಬಂದಳು.

"ಅಮ್ಮ, ತಪ್ಪು ನಿಮ್ಮದಲ್ಲ, ತುಂಬಿದವರದು. ಈ ಬಸ್ಸು ಹೋದ್ರೆ ಇನ್ನೊಂದು ಬರುತ್ತೆ, ಕೂತ್ಕೊಳ್ಳಿ ಅಂತ ನಿಮಗೆ ಹೇಳ್ಬೇಕಿತ್ತು. ತುಂಬಿದ್ದನ್ನ ತೆಗೆದು, ಸ್ವಲ್ಪ ಸ್ವಲ್ಪವೇ ಮತ್ತೆ ತುಂಬಿ, ಮೇಲೆ ಕ್ಯಾಪ್ ಕೂರಿಸಿದ್ರೆ ಹಲ್ಲು ಉಳೀಬಹುದು. ಖಾತ್ರಿ ಅಂತ ಹೇಳಲ್ಲ."

ಮಲ್ಲಿಗಮ್ಮ ತಟ್ಟನೆ ಎದ್ದು ಕೂತರು. ಸ್ವಾಮಿ ಅನ್ನುವ ಮಾತು ಬಾಯಿಂದ ಹೋಗಿತ್ತು.

"ಲೇ, ನೀನ್ ಮಾಡಿದ್ ತಪ್ಪಿಗೆ ನನ್ನಲ್ಲು ಕೀಳ್ಸೀಯಾ? ಮ್ಯಾಲೆ ಮೂಳೆ ತಿಂದೆ ಅಂತ ನಂಗೇ ಅಂತೀಯಾ? ನಾಚ್ಕೆ ಆಗಕಿಲ್ವೇನ್ಲಾ ನಿಂಗೆ?"

"ಅಮ್ಮ, ಮರ್ಯಾದೆ..." ಎಂದ ಸ್ವರೂಪ್.

"ನಿಂಗ್ಯಾವ ಮರ್ವಾದೆ? ನೀನು ಮುಟ್ಟಬ್ಯಾಡ ನನ್ನ. ಈವಮ್ಮ ಮಾಡ್ಲಿ."

ಅವನು ಮತ್ತೆ ಅರುಂಧತಿಯ ಕಡೆ ತಿರುಗಿದ. ಅವಳು ಹಲ್ಲು ಮರಗಟ್ಟಿಸುವ ಇಂಜೆಕ್ಷನ್ ತುಂಬಿಕೊಳ್ಳುತ್ತಿದ್ದಳು.

"ನಾಳೆಯಿಂದ ಬರಲ್ಲ," ಎಂದಳು. "ಈಗ ನೀವು ಆಚೆ ಹೋಗಿ."

ಮಲ್ಲಿಗಮ್ಮ ಒರಗಿಕೊಂಡು ಬಾಯಿ ತೆರೆದರು.