ಗುರುತು ಹೇಳುವವರು

ತೂಬಗೆರೆಗೆ ಹತ್ತಿರದ ಆ ಊರಿನಲ್ಲಿ ಶಾಲೆಯೇ ಮತಗಟ್ಟೆ. ಗೇಟಿನಿಂದ ದೂರಕ್ಕೆ, ಸುಣ್ಣದ ಗೆರೆಯ ಆಚೆ, ರಸ್ತೆಯ ಈ ಬದಿಗೆ ಒಂದು ಪಕ್ಷದ ಮೇಜು, ಆ ಬದಿಗೆ ಇನ್ನೊಂದರದು. ಯಾರು ಯಾವ ಮೇಜಿನಲ್ಲಿ ಚೀಟಿ ಬರೆಸಿಕೊಂಡರು ಅನ್ನುವುದರಲ್ಲೇ ಊರಿಗೆ ಅರ್ಧ ಫಲಿತಾಂಶ ಗೊತ್ತಾಗಿಬಿಡುತ್ತದೆ. ಮತದಾನ ಗುಪ್ತ ಎಂದು ಗೋಡೆಗೆ ಅಂಟಿಸಿರುತ್ತಾರೆ, ಪಾಪ. ಅದು ಗುಪ್ತವಾಗಿರುವುದು ರಸ್ತೆ ದಾಟುವವರೆಗೆ ಮಾತ್ರ.

ಒಳಗೆ ವೇಣುಗೋಪಾಲ್ ಈ ಬದಿಯವರ ಏಜೆಂಟಾಗಿ ಕುಳಿತಿದ್ದ. ಪಕ್ಕದ ಕುರ್ಚಿಯಲ್ಲಿ ಎದುರು ಪಕ್ಷದ ನವಾಜ್, ಇದೇ ಊರಿನವನು, ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೂಲಿನ ವ್ಯಾಪಾರ ಮಾಡುವವನು. ಅಧಿಕಾರಿ ಹೆಸರು ಕೂಗಿದಾಗ ಇಬ್ಬರೂ ತಲೆ ಎತ್ತಿ ಮುಖ ನೋಡಬೇಕು, ಆಸಾಮಿ ಅವನೇ ಹೌದಾದರೆ ಪಟ್ಟಿಯಲ್ಲಿ ಗೆರೆ ಎಳೆಯಬೇಕು. ಬೀದಿಯಲ್ಲಿ ಮುಖ ಕೊಟ್ಟು ಮಾತಾಡದ ಈ ಇಬ್ಬರು ಬೆಳಗಿನಿಂದ ಒಂದೇ ಬಾಟಲಿಯ ನೀರು ಕುಡಿಯುತ್ತಿದ್ದರು.

ಹೆಂಗಸರ ಸಾಲು ಬಾಗಿಲಿಗೆ ಬಂದಾಗ ವೇಣುಗೋಪಾಲ್ ಪಟ್ಟಿಯಿಂದ ತಲೆ ಎತ್ತಿದ. ಅವನ ತಂಗಿ ವಾಣಿಶ್ರೀ ನಿಂತಿದ್ದಳು. ಅವಳ ಬೆನ್ನ ಹಿಂದೆ ತಾಯಿ ಲಕ್ಷ್ಮೀದೇವಮ್ಮ, ಮಗಳ ಸೆರಗಿನ ತುದಿಯನ್ನು ಯಾರಿಗೂ ಕಾಣದ ಹಾಗೆ ಹಿಡಿದುಕೊಂಡು.

ವಾಣಿಶ್ರೀ ಸೋಂಪುರದ ಅಂಜನ್‌ನನ್ನು ಇಷ್ಟಪಟ್ಟು ಮದುವೆಯಾದಾಗ ಮನೆಯವರು ಮುನಿಸಿಕೊಂಡೇ ಒಪ್ಪಿದ್ದರು. ಆದರೆ ವೇಣುಗೋಪಾಲ್ ಪಂಚಾಯಿತಿ ಚುನಾವಣೆಗೆ ನಿಂತಾಗ ಆ ಅಂಜನ್ ಬಂದು ಎದುರಾಳಿಯ ಪರವಾಗಿ ಮನೆ ಮನೆ ತಿರುಗಿದ. ವೇಣುಗೋಪಾಲ್ ಸೋತ. ಅವತ್ತೇ ಅರಳಿಕಟ್ಟೆಯ ಮುಂದೆ ನಿಂತು, "ನಂಗೆ ತಂಗಿ ಅಂತ ಯಾರೂ ಇಲ್ಲ" ಅಂದುಬಿಟ್ಟ. ಸಿಟ್ಟಿನಲ್ಲಿ ಆಡಿದ ಮಾತು, ನಿಜ. ಆದರೆ ಊರ ಮುಂದೆ ಆಡಿದ್ದನ್ನು ನುಂಗುವುದಕ್ಕೆ ಗಂಡಸಿನ ಗಂಟಲು ಬಹಳ ಚಿಕ್ಕದು. ತವರಿನ ಬಾಗಿಲು ಅವಳಿಗೆ ಮುಚ್ಚಿತು. ಮತದಾರರ ಪಟ್ಟಿ ಪರಿಶೀಲನೆಗೆ ಬಂದವರ ಕೈಲೂ ಅವನು, ಅವಳು ಇಲ್ಲಿಲ್ಲ ಎಂದೇ ಬರೆಸಿದ್ದ. ಅವಳು ಮಾತ್ರ ಗಂಡನ ಊರಿಗೆ ಹೆಸರು ವರ್ಗಾಯಿಸಿಕೊಂಡಿರಲಿಲ್ಲ. ವೋಟಿನ ಸಾಲಿನಲ್ಲಿ ನಿಂತವಳನ್ನು ಯಾರೂ ಓಡಿಸುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಮ್ಮನ ಜೊತೆ ಅರ್ಧ ಗಂಟೆ ನಿಲ್ಲುವುದಕ್ಕೆ ಅವಳಿಗೆ ಉಳಿದಿದ್ದು ಅದೊಂದೇ ಜಾಗ.

ಅಧಿಕಾರಿ ಹೆಸರು ಕೂಗಿ, ಇನ್ನೊಂದು ಹಾಳೆ ನೋಡಿ, ತಲೆ ಅಲ್ಲಾಡಿಸಿದರು. "ಊರು ಬಿಟ್ಟವರ ಪಟ್ಟಿಲಿ ಬಂದಿದೆಯಲ್ಲಮ್ಮ. ಈ ಕಾರ್ಡ್ ಫೋಟೋನೂ ಮಾಸಿ ಹೋಗಿದೆ. ಏಜೆಂಟರು ಹೇಳಲಿ. ಈಕೆ ಗೊತ್ತೇನ್ರಪ್ಪಾ?"

"ಗೊತ್ತು ಸಾರ್, ಈ ಊರಿನ್ ಮಗಳೇ," ಅಂದ ನವಾಜ್.

"ನೀವೇನಂತೀರಿ?" ಅಧಿಕಾರಿ ವೇಣುಗೋಪಾಲನ ಕಡೆ ತಿರುಗಿದರು. "ನಿಮ್ಮ ಆಕ್ಷೇಪಣೆ ಇದ್ರೆ ವಿಚಾರಣೆ ಮಾಡ್ಬೇಕಾಗುತ್ತೆ."

ಬೆಳಿಗ್ಗೆ ಪಕ್ಷದ ಮುಖಂಡ ಸುನಿಲ್‌ಕುಮಾರ್ ಅವನ ಹೆಗಲ ಮೇಲೆ ಕೈ ಹಾಕಿ ಹೇಳಿ ಕಳಿಸಿದ್ದ: "ಅವ್ಳು ಬಂದ್ರೆ ಬಿಡ್ಬೇಡ ಗುರು. ಅದು ಅವ್ರ ವೋಟು." ಆಕ್ಷೇಪಣೆ ಅಂದರೆ ಸಾಕಿತ್ತು. ಅರಳಿಕಟ್ಟೆಯಲ್ಲಿ ಆಡಿದ ಮಾತಿಗೆ ಸರ್ಕಾರದ ಮೊಹರು ಬಿದ್ದ ಹಾಗೆ ಆಗುತ್ತಿತ್ತು.

ವಾಣಿಶ್ರೀ ಅವನನ್ನು ನೋಡಲಿಲ್ಲ. ಮೇಜಿನ ಮೇಲಿದ್ದ ಶಾಯಿಯ ಬಾಟಲಿಯನ್ನೇ ನೋಡುತ್ತಿದ್ದಳು. ಅವನನ್ನು ನೋಡಿದವಳು ತಾಯಿ. ಮಗಳ ಸೆರಗು ಹಿಡಿದ ಕೈಯನ್ನು ಈಗ ಮರೆಮಾಡಲಿಲ್ಲ. ವೇಣುಗೋಪಾಲನಿಗೆ ನಾಚಿಕೆಯಾಯಿತು. ಇಷ್ಟು ದಿನ ಅದನ್ನು ಸಿಟ್ಟು ಅಂದುಕೊಂಡಿದ್ದ.

"ನನ್ನ ತಂಗಿ ಸಾರ್," ಅಂದ. "ವಾಣಿಶ್ರೀ. ಒಡಹುಟ್ಟಿದೋಳು."

ಅಧಿಕಾರಿ ಹೆಬ್ಬೆಟ್ಟು ಒತ್ತಿಸಿಕೊಂಡು, ಬೆರಳಿಗೆ ಶಾಯಿ ಹಚ್ಚಿಸಿ ಒಳಗೆ ಬಿಟ್ಟರು. ಮರೆಯಲ್ಲಿ ಯಂತ್ರ ಕೂಗಿತು. ಆ ವೋಟು ಎಲ್ಲಿಗೆ ಹೋಯಿತೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅಥವಾ ಗೊತ್ತು ಅಂದುಕೊಂಡರು. ಆಮೇಲೆ ತಾಯಿ ವೋಟು ಹಾಕಿ ಹೊರಗೆ ನಡೆದಳು.

ವೋಟಿನ ದಿನ ಸುದ್ದಿಗೂ ಕಾಲು ಬಂದಿರುತ್ತದೆ. ಸ್ವಲ್ಪ ಹೊತ್ತಿಗೆ ಸುನಿಲ್‌ಕುಮಾರ್ ಬದಲಿ ಏಜೆಂಟನನ್ನು ಕಳಿಸಿದ. ವೇಣುಗೋಪಾಲ್ ಪಾಸು ಒಪ್ಪಿಸಿ ಎದ್ದ. ನವಾಜ್ ಕುರ್ಚಿ ಸರಿಸಿ ದಾರಿ ಬಿಟ್ಟು, "ಹೋಗಿ ಅಣ್ಣಾ, ಅಮ್ಮ ಇನ್ನೂ ಅಲ್ಲೇ ಅವ್ರೆ," ಎಂದು ಮೆಲ್ಲಗೆ ಹೇಳಿದ.

ರಸ್ತೆಯಲ್ಲಿ, ಎರಡು ಮೇಜುಗಳ ನಡುವೆ, ತಾಯಿ ಮಗಳು ನಿಂತಿದ್ದರು. ತಾಯಿ ಮನೆಗೆ ಬಾ ಎಂದು ಕೈ ಹಿಡಿದು ಎಳೆಯುತ್ತಿದ್ದಳು. ಮಗಳು ಕದಲುತ್ತಿರಲಿಲ್ಲ.

"ಬಾರಮ್ಮ," ಅಂದ ವೇಣುಗೋಪಾಲ್, ಸಣ್ಣ ದನಿಯಲ್ಲಿ, ನೆಲ ನೋಡುತ್ತಾ.

"ಒಳ್ಗಡೆ ಸಾಹೇಬ್ರು ಕೇಳುದ್ರು, ನೀನ್ ಹೇಳ್ದೆ," ಅಂದಳು ವಾಣಿಶ್ರೀ. "ಇಲ್ಲ ಅಂದಿದ್ದು ಊರ್ ಮುಂದೆ ಅಲ್ವಾಣ್ಣ? ನಾನ್ ಕಳ್ಳಿ ಹಂಗೆ ಬಂದು ಉಂಡು ಹೋಗಕಿಲ್ಲ."

ಅವನು ಎರಡು ಮೇಜುಗಳ ಕಡೆಗೂ ನೋಡಿದ. ಎಲ್ಲರೂ ಇತ್ತಲೇ ಕಣ್ಣು ನೆಟ್ಟಿದ್ದರು. ಈ ಬದಿಯಿಂದ ಸುನಿಲ್‌ಕುಮಾರ್ ಎದ್ದು ಕೂಗಿದ, "ಏನ್ ಗುರು, ಕೈಯಾರೆ ಒಂದ್ ವೋಟು ಕೊಟ್ಬಿಟ್ಟಲ್ಲಾ!"

"ವೋಟು ಅವ್ಳುದು ಕಣಪ್ಪ," ಅಂದ ವೇಣುಗೋಪಾಲ್. ಆ ಬದಿಗೂ ಕೇಳುವ ಹಾಗೆ ದನಿ ಎತ್ತಿದ. "ತಂಗಿ ನನ್ನೋಳು. ಇಲ್ಲ ಅಂದಿದ್ದು ತಪ್ಪು. ಮನೆಗೆ ಕರ್ಕೊಂಡು ಹೋಯ್ತಾ ಇವ್ನಿ."

ಲಕ್ಷ್ಮೀದೇವಮ್ಮ ಮಗಳ ಬ್ಯಾಗು ಕಿತ್ತುಕೊಂಡು ಆಗಲೇ ಮುಂದೆ ಹೊರಟಿದ್ದಳು. ವಾಣಿಶ್ರೀ ನಿಂತಲ್ಲೇ ಸೆರಗು ಮುಖಕ್ಕೆ ಒತ್ತಿ ಒಂದಷ್ಟು ಹೊತ್ತು ಅತ್ತಳು. ವೇಣುಗೋಪಾಲ್ ಅವಸರ ಮಾಡಲಿಲ್ಲ, ರಸ್ತೆಯ ನಡುವೆ ಎಲ್ಲರೂ ನೋಡುತ್ತಿದ್ದಂತೆಯೇ ಅವಳ ಪಕ್ಕ ನಿಂತಿದ್ದ.