ಎರಡು ಗಂಟೆ ಹತ್ತು ನಿಮಿಷ

ರಜೆ ವಿಭಾಗದ ಗುಮಾಸ್ತರಿಗೆ ಕಚೇರಿ ಇಟ್ಟ ಹೆಸರು ದಾರದಪ್ಪ. ಯಾರಾದರೂ ದೂರದ ಊರಿಗೆಂದು ರಜೆ ಕೇಳಿದರೆ ಸಾಕು, ಮೇಜಿನ ಖಾನೆಯಿಂದ ಕೆಂಪು ದಾರ ತೆಗೆದು, ಗೋಡೆಯ ನಕಾಶೆಯ ಮೇಲೆ ಊರಿಂದೂರಿಗೆ ಎಳೆದು, ಅಳೆದು, ವಿಮಾನದ ವೇಗದಿಂದ ಭಾಗಿಸುತ್ತಿದ್ದರು. ಬಂದ ಉತ್ತರವೇ ಪ್ರಯಾಣದ ಸಮಯ. ಅದಕ್ಕಿಂತ ಹೆಚ್ಚಾದರೆ ಗೈರುಹಾಜರಿ. ತಾವು ಮಾತ್ರ ಜನ್ಮದಲ್ಲಿ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಈಜು ಬಾರದವನು ಹೊಳೆಯ ಆಳ ಹೇಳಿದ ಹಾಗಾಯಿತು ಎನ್ನಲು ಯಾರಿಗೂ ಧೈರ್ಯವಿರಲಿಲ್ಲ.

ಆರು ತಿಂಗಳ ಹಿಂದೆ ಬೆರಳಚ್ಚುಗಾರ್ತಿ, ತಂದೆಗೆ ಹುಷಾರಿಲ್ಲವೆಂದು ಸಮುದ್ರದಂಚಿನ ಊರಿಗೆ ಹೋಗಿದ್ದಳು. ದಾರ ಎರಡು ಗಂಟೆ ಹತ್ತು ನಿಮಿಷ ಎಂದಿತ್ತು. ಹೋಗುವುದಕ್ಕೊಂದು ದಿನ, ಬರುವುದಕ್ಕೊಂದು ದಿನ ಹಿಡಿಯಿತೆಂದು ಅವಳು ಗೋಗರೆದರೂ ರಜೆ ಪುಸ್ತಕದಲ್ಲಿ ಎರಡಕ್ಕೂ ಗೈರುಹಾಜರಿಯ ಕೆಂಪು ಗೆರೆ ಬಿತ್ತು. "ವಿಮಾನ ನಡ್ಕೊಂಡು ಹೋಯ್ತೇನಮ್ಮ?" ಎಂದು ದಾರದಪ್ಪನವರು ನಕ್ಕರು. ಬೇರೇನೂ ಕೇಳಲಿಲ್ಲ.

ಈಗ ಅದೇ ಊರಿನಲ್ಲಿ ಅವರ ಅಕ್ಕನಿಗೆ ಹೃದಯದ ಆಪರೇಷನ್. ತಾಯಿ ಹೋದ ಮೇಲೆ ಇವರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಫೋನಿನಲ್ಲಿ ದನಿ ಸಣ್ಣಗಾಗಿತ್ತು.

"ನಿನ್ನ ಮುಖ ನೋಡ್ದೆ ಒಳಗೆ ಹೋಗಲ್ಲ ಕಣೋ."

"ಹತ್ತಕ್ಕೆ ತಾನೇ ಆಪರೇಷನ್? ಏಳಕ್ಕೆ ವಿಮಾನ. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಿನ್ನ ಮಂಚದ ಹತ್ರ ಇರ್ತೀನಿ ಅಕ್ಕ."

ಏಳಕ್ಕೆ ಹತ್ತು ನಿಮಿಷವಿರುವಾಗ ವಿಮಾನ ನಿಲ್ದಾಣದ ಮುಂದೆ ಆಟೋದಿಂದ ಇಳಿದರು. ಮೊದಲೇ ಬಂದು ಕೂರುವುದು ಸೋಮಾರಿಗಳ ಕೆಲಸವೆಂಬುದು ಅವರ ಸಿದ್ಧಾಂತ.

"ಗೇಟು ಮುಚ್ಚಾಯ್ತು ಸರ್" ಎಂದಳು ಕೌಂಟರಿನವಳು.

"ವಿಮಾನ ಇಲ್ಲೇ ಕಾಣ್ತಿದೆಯಲ್ಲಮ್ಮ."

"ಕಾಣುತ್ತೆ ಸರ್. ಹತ್ತೋಕಾಗಲ್ಲ."

ಮುಂದಿನದು ಮಧ್ಯಾಹ್ನ, ಅದೂ ನಡುವೆ ಇನ್ನೊಂದು ಊರಿನಲ್ಲಿ ಮೂರು ಗಂಟೆ ಕೂರಿಸುವಂಥದು. ಇಳಿದ ಮೇಲೆ ಪೆಟ್ಟಿಗೆಗೆ ಕಾದು, ಟ್ಯಾಕ್ಸಿಗೆ ಕಾದು, ಸಿಗ್ನಲ್ಲುಗಳಿಗೆಲ್ಲ ಕಾದು ಆಸ್ಪತ್ರೆ ಮುಟ್ಟಿದಾಗ ರಾತ್ರಿ ಎಂಟು. ಅವರ ದಾರದಲ್ಲಿ ಇಂಥ ಗಂಟುಗಳೇ ಇರಲಿಲ್ಲ.

"ನನ್ನ ತಮ್ಮನ ಲೆಕ್ಕ ತಪ್ಪಲ್ಲ ಅಂತ ನಿಮ್ಮಕ್ಕ ಡಾಕ್ಟರನ್ನೇ ಒಂದು ಗಂಟೆ ಕಾಯಿಸಿದ್ರು" ಎಂದಳು ನರ್ಸ್. "ಬಾಗಿಲು ನೋಡ್ತಾನೇ ಒಳಗೆ ಹೋದ್ರು."

ಅಕ್ಕ ಬದುಕಿಕೊಂಡಳು. ಮಲಗಿದ್ದ ಅವಳನ್ನು ಗಾಜಿನಾಚೆಯಿಂದ ನೋಡುತ್ತ ದಾರದಪ್ಪನವರು ಗಳಗಳನೆ ಅತ್ತುಬಿಟ್ಟರು.

ಕಚೇರಿಗೆ ಮರಳಿದಾಗ, ಅವರ ಬದಲಿಗೆ ರಜೆ ಪುಸ್ತಕ ನೋಡಿಕೊಂಡಿದ್ದ ಬೆರಳಚ್ಚುಗಾರ್ತಿ ಕುರ್ಚಿಯಿಂದ ಎದ್ದಳು.

"ಅಕ್ಕ ಹೇಗಿದಾರೆ ಸರ್?"

"ಪರವಾಗಿಲ್ಲ" ಎಂದರು. ಈ ಒಂದು ಮಾತನ್ನು ತಾವು ಅವಳನ್ನು ಕೇಳಿರಲೇ ಇಲ್ಲವೆಂದು ಆಗ ಹೊಳೆಯಿತು, ನಾಚಿಕೆಯಾಯಿತು. "ನಿಮ್ಮ ತಂದೆಯವರು?"

"ನಾನು ಹೋಗಿ ಮುಟ್ಟೋಷ್ಟರಲ್ಲಿ ಎಲ್ಲ ಮುಗಿದಿತ್ತು."

ಅವಳು ಪುಸ್ತಕವನ್ನು ಮುಂದಿಟ್ಟಳು. ಅವರ ಹೆಸರಿನೆದುರು ಪ್ರಯಾಣದ ಸಮಯ ಎರಡು ದಿನವೆಂದು ಬರೆದಿತ್ತು. ಕೆಂಪು ಗೆರೆ ಇರಲಿಲ್ಲ.

"ದಾರ ಹಿಡಿದು ಅಳೀಲಿಲ್ವಾ?" ಎಂದರು ಮೆಲ್ಲಗೆ.

"ನಾನು ಹೋಗಿ ಬಂದವಳು ಸರ್."